ಬೋರಿನ ನೀರು, ಹಲಸಿನ ಹಳದಿ

ಏಪ್ರಿಲಿನ ಒಂದು ಆದಿತ್ಯವಾರ ನಿಮ್ಮ ದೊಡ್ಡಕ್ಕ ಮೂಡುಬಿದಿರೆಯ ಹಾಸ್ಟೆಲಿನಿಂದ ಬಂದವಳು ಚೀಲದಿಂದ ಬಿಳಿ ಉಣ್ಣೆಯ ಹತ್ತು ಲಡಿಗಳನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ಕಾಲೇಜಿನವರು ಅವಳನ್ನು ಎರಡು ತಿಂಗಳ ತರಬೇತಿಗೆ ಹಿಮಾಚಲದ ಒಂದು ಸೇಬಿನ ತೋಟಕ್ಕೆ ಕಳಿಸುತ್ತಾರೆ, ಮೇ ಕೊನೆಗೆ ಹೊರಡಬೇಕು, ಅಲ್ಲಿ ಆಗಲೂ ಬೆಳಿಗ್ಗೆ ಚಳಿಯಂತೆ. ಅಂಗಡಿಯ ಸ್ವೆಟರ್ ಬೇಡ, ಅಜ್ಜಿಯೇ ಬಣ್ಣ ಹಾಕಿ ಹೆಣೆದದ್ದು ಬೇಕು ಎಂದಳು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಕುತ್ತಿಗೆಯಿಂದ ಹೆಗಲಿನವರೆಗೆ, ಟೈಲರುಗಳು ಯೋಕ್ ಎನ್ನುವ ಜಾಗದಲ್ಲಿ, ಹಾರ ಹಾಕಿದ ಹಾಗೆ ಸುತ್ತಲೂ ಹೂವು.

ನಾವು ಮಾತಾಡಿದ್ದು ತುಳುವಿನಲ್ಲಿ. ತುಳು ಬಾರದ ಸಣ್ಣ ಮೊಮ್ಮಕ್ಕಳು ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದೆಲ್ಲ ನನಗೆ ಬರ್ತದಾ? ನಾನು ಹೆಣೆದದ್ದು ಮಕ್ಕಳ ಕುಲಾಯಿ ಮಾತ್ರ."

"ಕುಲಾಯಿಯನ್ನೇ ದೊಡ್ಡ ಮಾಡಿದ್ರೆ ಆಯ್ತಲ್ಲ ಅಜ್ಜಿ. ನನ್ನದು ಕುಂಬಳಕಾಯಿ ತಲೆ ಅಂತ ನೀವೇ ಹೇಳುದು."

ಊರ ಶಾಲೆಯಲ್ಲಿ ಟೀಚರು ಕೊಡೆಯ ಕಡ್ಡಿಯಿಂದ ನಮಗೆ ಹೆಣಿಗೆ ಕಲಿಸಿದ್ದರು. ಏಳನೆಯ ತರಗತಿಗೆ ನನ್ನ ಓದು ಮುಗಿಯಿತು, ಹೆಣಿಗೆ ಉಳಿಯಿತು. ಬಣ್ಣದ ವಿಚಾರ ಯಾರೂ ಕಲಿಸಿದ್ದಲ್ಲ. ನನ್ನ ಅಪ್ಪ ಬಡಗಿ. ಹಲಸಿನ ಮರ ಕೊಯ್ದ ದಿನ ಬೆವರಿಗೆ ಹುಡಿ ಅಂಟಿ ಅವರ ಬನಿಯನು ಹಳದಿಯಾಗುತ್ತಿತ್ತು, ಅಮ್ಮ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅದೇ ನೆನಪಿನಲ್ಲಿ ಮರದ ಮಿಲ್ಲಿನಿಂದ ಒಂದು ಚೀಲ ಹಲಸಿನ ಹುಡಿ ತರಿಸಿದೆ. ಬಣ್ಣ ಹಿಡಿಯಲೆಂದು ನೂಲನ್ನು ಪಟಿಕ ಕರಗಿಸಿದ ಬಾವಿಯ ನೀರಿನಲ್ಲಿ ನೆನೆಹಾಕಿ, ಹುಡಿ ಕುದಿಸಿ ಸೋಸಿದ ನೀರಿನಲ್ಲಿ ಸಣ್ಣ ಉರಿಯಿಟ್ಟು ಬೇಯಿಸಿದೆ. ಮಾಗಿದ ಹಲಸಿನ ತೊಳೆಯಂಥ ಹಳದಿ ಬಂತು.

ನನ್ನ ಪಾತ್ರೆಗೆ ಹಿಡಿದದ್ದು ಐದು ಲಡಿ. ಅದರಲ್ಲಿ ಮೈಯ ಭಾಗ ಮತ್ತು ಬಲತೋಳು ಆಯಿತು. ಇನ್ನು ಮೂರು ಲಡಿಗೆ ಬಣ್ಣ ಹಾಕಬೇಕು, ಉಳಿದೆರಡು ಹೂವಿಗೆಂದು ಬಿಳಿಯಾಗಿಯೇ ಇರಬೇಕು ಎಂಬುದು ನನ್ನ ಲೆಕ್ಕ. ಅಷ್ಟರಲ್ಲಿ ಮೇ ಅರ್ಧವಾಗಿತ್ತು, ಬಾವಿಯ ತಳದಲ್ಲಿ ಸ್ವಲ್ಪವೇ ನೀರು. ಅದು ಕುಡಿಯುವುದಕ್ಕೆ ಇರಲಿ ಎಂದು ಬೋರಿನ ನೀರು ಹಿಡಿದು ಒಲೆಯ ಮೇಲಿಟ್ಟೆ.

ನೂಲು ಮುಳುಗಿಸಿ ಸ್ವಲ್ಪ ಹೊತ್ತಿಗೆ ಮುಚ್ಚಳ ತೆಗೆದು ನೋಡಿದರೆ ಹಳದಿಯೇ ಇಲ್ಲ. ಮಳೆಗಾಲದ ಪಾಗಾರದ ಗೋಡೆಯ ಮೇಲಿನ ಪಾಚಿಯ ಬಣ್ಣ. ಮೂರು ಲಡಿಯೂ ಹಾಗೆಯೇ. ನಮ್ಮ ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದರಲ್ಲಿ ಚಹಾ ಮಾಡಿದರೆ ಕಪ್ಪಾಗುತ್ತದೆ, ಆದ್ದರಿಂದಲೇ ಚಹಾಕ್ಕೆ ಬಾವಿಯ ನೀರು. ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ನಿಂತವಳಿಗೆ ಅದು ಹೊಳೆಯಲಿಲ್ಲ.

ಅವಳು ಹೊರಡುವುದಕ್ಕೆ ಹನ್ನೆರಡು ದಿನ. ಹೊಸ ಉಣ್ಣೆ ತರಿಸಿದರೆ ಬರುವುದೇ ಹತ್ತು ದಿನಕ್ಕೆ. ಒಂದೇ ತೋಳಿನ ಸ್ವೆಟರು ಮೇಜಿನ ಮೇಲೆ ಬಿದ್ದಿತ್ತು. ಸಂಜೆ ಫೋನಿನಲ್ಲಿ "ಎಲ್ಲಿಗೆ ಬಂತು ಅಜ್ಜಿ?" ಎಂದು ಕೇಳಿದವಳಿಗೆ "ಆಗ್ತಾ ಉಂಟು" ಎಂದೆ.

ಉಳಿದ ದಾರಿ ಒಂದೇ. ಹೂವಿಗೆಂದು ಇಟ್ಟ ಎರಡು ಬಿಳಿ ಲಡಿಗಳಿಗೆ ಹಳದಿ ಹಾಕುವುದು, ಪಾಚಿಯ ನೂಲಿನಲ್ಲೇ ಹೂವು ಹೆಣೆಯುವುದು. ಅದಕ್ಕೆ ಬಾವಿಯ ನೀರು ಎರಡು ಮೂರು ಕೊಡ ಬೇಕು. ನಮ್ಮ ಗುಡ್ಡದ ಬುಡದಲ್ಲಿರುವ ಕೆಳಗಿನ ಮನೆಯ ಬಾವಿ ಯಾವ ಬೇಸಗೆಯಲ್ಲೂ ಬತ್ತಿದ್ದಿಲ್ಲ. ಆದರೆ ನಿಮ್ಮ ಅಜ್ಜ ತೀರಿಹೋದ ಮೇಲೆ ನಾನು ಯಾರ ಮನೆಗೂ ಹೋದವಳಲ್ಲ. ಬೇಡವೆಂದು ಯಾರೂ ಹೇಳಿದ್ದಲ್ಲ. ಮೊದಲ ವರ್ಷ ಹೋಗಲಿಲ್ಲ, ಆಮೇಲೆ ಹೋಗಲು ನಾಚಿಕೆಯಾಯಿತು. ಕರೆದಿದ್ದರೂ ಆ ಮನೆಯ ಮಗಳ ಮದುವೆಗೂ ಹೋಗಿರಲಿಲ್ಲ.

ಎರಡು ದಿನ ಹಾಗೆಯೇ ಕಳೆದೆ. ಮೂರನೆಯ ದಿನ ಬೆಳಿಗ್ಗೆ ಕೊಡ ಹಿಡಿದು ಇಳಿದೆ. ಆ ಮನೆಯಾಕೆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ನನಗಿಂತ ಸ್ವಲ್ಪ ಸಣ್ಣವರು.

"ಅಕ್ಕಾ! ದಾರಿ ತಪ್ಪಿತಾ?"

"ಸ್ವಲ್ಪ ನೀರು ಬೇಕಿತ್ತು."

"ಕುಡಿಲಿಕ್ಕಾ?"

"ಅಲ್ಲ. ನೂಲು ಬೇಯಿಸ್ಲಿಕ್ಕೆ."

"ನೂಲಾ? ಮಧ್ಯಾಹ್ನದ ಊಟಕ್ಕೆ ಅದೇ ಪದಾರ್ಥವಾ?"

ನಡೆದದ್ದನ್ನೆಲ್ಲ ಹೇಳಿದೆ. ಅವರು ಹಣೆಗೆ ಕೈಯಿಟ್ಟುಕೊಂಡು ನಕ್ಕರು. "ಆ ನೀರಲ್ಲಿ ನೀವು ಚಾ ಕೂಡ ಮಾಡುದಿಲ್ಲ, ಉಣ್ಣೆ ಬೇಯಿಸಿದ್ರಾ ಮಾರಾಯ್ರೆ! ಕೊಡ ಹೊತ್ತು ಗುಡ್ಡ ಹತ್ತುದು ಬೇಡ. ಪಾತ್ರೆ ಇಲ್ಲಿಗೇ ತನ್ನಿ, ಹೊರಗಿನ ಒಲೆ ಖಾಲಿ ಉಂಟು." ಒಂದು ಹಪ್ಪಳ ಮಗುಚಿ, "ಮದುವೆಗೆ ಬರ್ಲಿಲ್ಲ ಅಂತ ನನಗೆ ಕೋಪ ಉಂಟು, ಅದು ಬೇರೆ. ನೀರಿಗೆ ಕೋಪ ಇಲ್ಲ" ಎಂದರು.

ಹೋಗಿ ಪಾತ್ರೆ ತಂದೆ.

ಅಲ್ಲಿ ಬೆಂದ ನೂಲು ಮೊದಲಿನದಕ್ಕಿಂತ ಗಾಢವಾಗಿ ಕಂಡಿತು. ಒದ್ದೆ ನೂಲನ್ನು ನೋಡಿ ಏನೂ ಹೇಳಲಾಗುವುದಿಲ್ಲ. ನೆರಳಿನಲ್ಲಿ ಒಣಗಿಸಿ, ಮರುದಿನ ಬಲತೋಳಿನ ಪಕ್ಕದಲ್ಲಿ ಹಿಡಿದು ನೋಡಿದೆ. ಒಂದು ಚೂರು ವ್ಯತ್ಯಾಸ ಉಂಟು. ಇರಲಿ ಎಂದು ಎಡತೋಳು ಹೆಣೆಯತೊಡಗಿದೆ, ಐದು ದಿನಕ್ಕೆ ಮುಗಿಯಿತು.

ಮೈಯನ್ನೂ ತೋಳುಗಳನ್ನೂ ಸುತ್ತಲೂ ಹೆಣೆಯಲು ಬರುವ ಉದ್ದದ ವಯರಿನ ಕಡ್ಡಿಗೆ ಸೇರಿಸಿದ ಮೇಲೆ ಯೋಕ್. ಹೂವಿಗೆ ಗುಡ್ಡದಲ್ಲಿ ಅರಳುವ ಕೇಪುಳವನ್ನು ಆರಿಸಿದೆ. ನಾಲ್ಕೇ ಎಸಳು, ಲೆಕ್ಕದ ಪುಸ್ತಕದ ಚೌಕಗಳಲ್ಲಿ ಬರೆಯಲು ಸುಲಭ. ಒಂದು ಹೂವಿಗೆ ಎಂಟು ಕುಣಿಕೆ. ಮೊದಲ ಸುತ್ತಿನ ಕೊನೆಗೆ ಬಂದಾಗ ಮೂರು ಕುಣಿಕೆ ಹೆಚ್ಚಿತ್ತು, ಬೆನ್ನಿನ ಮಧ್ಯದಲ್ಲಿ ಅರ್ಧ ಹೂವು. ಬಿಚ್ಚಿ, ಮೂರನ್ನು ಕಡಿಮೆ ಮಾಡಿ ಮತ್ತೆ ಹೆಣೆದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಬಸ್ಸಿಳಿದು ಬಂದಾಗ ಕುತ್ತಿಗೆಯ ನಾಲ್ಕು ಸಾಲು ಬಾಕಿ ಇತ್ತು. ಕಡ್ಡಿಯ ಮೇಲಿದ್ದುದನ್ನು ಎತ್ತಿ ನೋಡಿದಳು.

"ಹೂವು ಬಿಳಿ ಅಂತ ಹೇಳಿದ್ದಲ್ವಾ ಅಜ್ಜಿ?"

"ಬೋರಿನ ನೀರಲ್ಲಿ ಹಾಳಾಯ್ತು. ನಾನೇ ಹಾಳು ಮಾಡಿದ್ದು. ಫೋನಿನಲ್ಲಿ ಹೇಳ್ಲಿಲ್ಲ."

"ಪಾಚಿ ಹಿಡಿದ ಹಾಗೆ ಉಂಟು."

"ಬಿಚ್ಚುದಾ?"

"ಬೇಡಪ್ಪ! ನಾಳೆ ಹೋಗ್ಲಿಕ್ಕುಂಟು." ಮತ್ತೆ ಸ್ವಲ್ಪ ದೂರ ಹಿಡಿದು ನೋಡಿದಳು. "ದೂರದಿಂದ ಚಂದ ಉಂಟು."

ಹತ್ತಿರದಿಂದ ಇಲ್ಲ ಎಂದಲ್ಲವೇ ಅರ್ಥ? ಆದರೂ ಸುಳ್ಳು ಹೇಳಲಿಲ್ಲವೆಂದು ನನಗೆ ಸಮಾಧಾನವೇ ಆಯಿತು. ನಾಲ್ಕು ಸಾಲು ಹೆಣೆದು, ತಲೆ ತೂರುವಂತೆ ಸಡಿಲವಾಗಿ ಮುಗಿಸಿ ಕೊಟ್ಟೆ. ಹಾಕಿಕೊಂಡಳು. ತೋಳು ಸರಿ ಇತ್ತು, ಉದ್ದ ಸರಿ ಇತ್ತು.

"ಬಾ, ಕೆಳಗಿನ ಮನೆಗೆ ಹೋಗುವ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

ಆ ಮೂರು ಗಂಟೆಯ ಬಿಸಿಲಿನಲ್ಲಿ ಸ್ವೆಟರು ಹಾಕಿಕೊಂಡೇ ಅವಳು ನನ್ನ ಹಿಂದೆ ಇಳಿದಳು. ಕೆಳಗಿನ ಮನೆಯಾಕೆ ಅವಳನ್ನು ತಿರುಗಿಸಿ ನಿಲ್ಲಿಸಿ ಬೆನ್ನು, ತೋಳು ಎಲ್ಲ ನೋಡಿದರು. "ನಮ್ಮ ಬಾವಿಯದು ಯಾವ ಕೈ?" ಎಂದು ಕೇಳಿದರು. ಎಡತೋಳು ತೋರಿಸಿದೆ. "ಅದೇ ಚಂದ ಬಂದದ್ದು" ಎಂದರು. "ಇನ್ನು ತೆಗಿ ಮಗಾ, ನೋಡಿಯೇ ನನಗೆ ಸೆಖೆ ಆಗ್ತದೆ."

ಅವಳು ಕೈಯೆತ್ತಿ ತೆಗೆದಳು. ಕುತ್ತಿಗೆ ಕಿವಿಗೆ ಸಿಕ್ಕಿಕೊಳ್ಳದೆ ಸಲೀಸಾಗಿ ಬಂತು. ಅದನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ನಾನು ಅವರ ಜಗಲಿಯಲ್ಲಿ ಕುಳಿತೆ. ಮದುವೆಯ ಫೋಟೋ ತೋರಿಸುತ್ತೇನೆ ಎಂದು ಅವರು ಒಳಗೆ ಹೋಗಿದ್ದರು.