ಸೋಮವಾರದ ಅಲೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಗಜೇಂದ್ರಗಡದ ಹತ್ತಿರ, ಸೂಡಿಯ ಹೊಲವೊಂದರಲ್ಲಿದ್ದ ಭೂಕಾಂತ ವೀಕ್ಷಣಾ ಕೇಂದ್ರದ ಮುಖ್ಯಸ್ಥೆಯಾಗಿದ್ದೆ. ಕೇಂದ್ರವೆಂದರೆ ಒಂದು ಕೋಣೆ, ನೆಲದಲ್ಲಿ ಹೂತಿಟ್ಟ, ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್, ಅಷ್ಟೇ. ರೋಣದ ಒಕ್ಕಲುತನದ ಮನೆಯ ಮಗಳಿಗೆ ಇದಕ್ಕಿಂತ ಚಲೋ ಪೋಸ್ಟಿಂಗ್ ಯಾವುದು!

ಭೂಮಿಯ ಕಾಂತಕ್ಷೇತ್ರ ಆಳುವ ವಲಯಕ್ಕೆ ಮ್ಯಾಗ್ನೆಟೋಸ್ಫಿಯರ್ ಎನ್ನುತ್ತಾರೆ. ಸೂರ್ಯನಿಂದ ಹೊರಟ ಕಣಗಳ ಗಾಳಿ, ಅಂದರೆ ಸೌರಮಾರುತ, ಜೋರಾಗಿ ಬಡಿದಾಗ ಅದು ನಡುಗುತ್ತದೆ. ಆ ನಡುಕ ಧ್ರುವಗಳ ಕಡೆ ದೊಡ್ಡ ಅಲೆಯಾಗಿ ದಾಖಲಾಗುತ್ತದೆ, ಒಂದೊಂದು ಅಲೆಗೂ ಕೆಲವು ನಿಮಿಷ. ಇದೇ ಪಲ್ಸೇಷನ್. ಅಂಟಾರ್ಕ್ಟಿಕಾದ ಅಲೆ ಅದೇ ಹೊತ್ತಿಗೆ ಸೂಡಿಯಲ್ಲೂ ಸಣ್ಣಗೆ ಕಾಣುತ್ತದೆಂದು ತೋರಿಸುವುದು ನನ್ನ ಕೆಲಸ.

ಕೇಂದ್ರ ಕಚೇರಿಯ ಹಿರಿಯ ವಿಜ್ಞಾನಿಯೊಬ್ಬರು ಒಪ್ಪಲಿಲ್ಲ. ಅವರ ವಾದ ಇಷ್ಟು: ಪಕ್ಕದ ಹೊಲ ಉತ್ತು ಹರಗುವ ವೀರಪ್ಪಣ್ಣನ ಟ್ರ್ಯಾಕ್ಟರ್ ಆ ಬದುವಿಗೆ ಹೋಗಿ ಈ ಬದುವಿಗೆ ಬರಲೂ ಕೆಲವೇ ನಿಮಿಷ. ಅಷ್ಟು ಕಬ್ಬಿಣ ಹತ್ತಿರ ಬಂದರೆ ನಮ್ಮ ದಾಖಲೆಯ ಗೆರೆ ಏರುತ್ತದೆ, ದೂರವಾದರೆ ಇಳಿಯುತ್ತದೆ.

"ನಿಮ್ಮ ಸೌರಮಾರುತ ಡೀಸೆಲ್ ಮೇಲೆ ಓಡುತ್ತೆ," ಎಂದು ನಕ್ಕು, ಕೇಂದ್ರ ಮುಚ್ಚಲು ಶಿಫಾರಸು ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಒಂದು ಸೋಮವಾರ ಇಲ್ಲಿ ಕೂತು ನೋಡಿ, ಆಮೇಲೆ ಮುಚ್ಚಿ ಸರ್," ಎಂದೆ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ. ಸೂಡಿಯ ಆ ಹೊಲಗಳಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ವಾರ ಮಾತ್ರ ತಪ್ಪಿಲ್ಲ.

ಸೌರಮಾರುತ ಜೋರಾಗುವ ಮುನ್ಸೂಚನೆಯಿದ್ದ ಸೋಮವಾರ ಅವರು ಬಂದರು. ಹಿಂದಿನ ದಿನ ಮಳೆಯಾಗಿ ಹದ ಬಂದಿತ್ತು. ಬೆಳಿಗ್ಗೆ ನೋಡಿದರೆ ವೀರಪ್ಪಣ್ಣ ಬದುವಿನ ಮೇಲೆ! ನಾನು ಬದುವಿಗೆ ಓಡಿದೆ.

"ಇವತ್ತ ಹರಗ್ತೀರೇನ್ರಿ ವೀರಪ್ಪಣ್ಣಾ?"

"ಏನ್ ಅಕ್ಕಾರ, ಒಕ್ಕಲಿಗ್ಯಾರ ಮಗಳಾಗಿ ಹಿಂಗ ಕೇಳ್ತೀರಿ? ಸೋಮವಾರ ನೆಲಕ್ಕ ಕಬ್ಬಿಣ ಹಚ್ಚಿದ್ರ ನಮ್ಮವ್ವ ಮನ್ಯಾಗ ಕೂಳ ಹಾಕ್ತಾಳೇನ್ರಿ? ಹಸಿ ನೋಡಾಕ ಬಂದೀನಿ, ಅಷ್ಟ."

ಮಧ್ಯಾಹ್ನ ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ವಿಜ್ಞಾನಿ ಹೊರಗೆ ಓಡಿ ಹೊಲ ನೋಡಿದರು. ನಾಲ್ಕು ಬೆಳ್ಳಕ್ಕಿ ಬಿಟ್ಟರೆ ಏನೂ ಇರಲಿಲ್ಲ. ಸಂಜೆ ಅಂಟಾರ್ಕ್ಟಿಕಾದ ದಾಖಲೆ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅಲೆಗೆ ಅಲೆ ಕೂಡಿತ್ತು.

"ಮುಚ್ಚೋದು ಬೇಡ," ಎಂದರು. ಖರೇ ಹೇಳುತ್ತೇನೆ, ಕುಣಿಯಬೇಕೆನಿಸಿತು.

ಗದ್ದಲ ಯಾರದೆಂದು ತಿಳಿಯದೆ ಆಕಾಶದ ಸದ್ದು ತಿಳಿಯುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಅವರಿಗೆ ಕಲಿಸಲು ಇನ್ನೊಂದು ದಿನ ಹಿಡಿಯಿತು. ಮಂಗಳವಾರ ಬೆಳಿಗ್ಗೆ ಗೆರೆ ಮತ್ತೆ ಏರಿದಾಗ, "ನೋಡಿ, ಮತ್ತೆ ಬಂತು!" ಎಂದು ಕುರ್ಚಿಯಿಂದ ಎದ್ದರು.

"ಕೂತ್ಕೊಳ್ಳಿ ಸರ್," ಎಂದೆ, "ಅದು ವೀರಪ್ಪಣ್ಣ."