ಗಿರಿಜಕ್ಕನ ಚಿತ್ರಕ್ಕೆ ಹಾರ ಹಾಕಿದವರು ಯಾರು

ವಡೋದರದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ, ಗಿರಿಜಕ್ಕ ಮತ್ತು ಅವರ ಗಂಡ ಲಕ್ಷ್ಮೀನಾರಾಯಣರ ಚಿಕ್ಕ ಹೋಟೆಲಿದೆ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದಂದಿನಿಂದ ಗಿರಿಜಕ್ಕ ಇರುವುದು ಅಡುಗೆಮನೆಯಲ್ಲೇ. ಗಿರಾಕಿಗಳಿಗೆ ಅವರ ಚಟ್ನಿ ಗೊತ್ತು, ಮುಖ ಗೊತ್ತಿಲ್ಲ. ಆದರೆ ಅವರಿಗೆ ಎಲ್ಲರೂ ಗೊತ್ತು. ತೊಳೆಯಲು ಬಂದ ತಟ್ಟೆಯಲ್ಲಿ ಉಳಿದದ್ದನ್ನು ನೋಡಿ, ಯಾರಿಗೆ ಹಲ್ಲುನೋವು, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎಂದು ಹೇಳುತ್ತಾರೆ. ಶನಿವಾರದ ಭಜನೆ ಮುಗಿದು ಪ್ರಸಾದ ಹಂಚುವಾಗ ನಾವು ಇಲ್ಲಿನ ಕನ್ನಡದ ಹೆಂಗಸರು ಕೇಳುವುದು ಇವೇ ಪತ್ತೇದಾರಿ ಕಥೆಗಳನ್ನು. ಅರ್ಧಕ್ಕರ್ಧ ಸರಿಯಿರುತ್ತವೆ.

ಬ್ಯಾಂಕಿನ ಶ್ರೀಪಾದರಾಯರ ಮಗಳು ಮೇದಿನಿ ಇಲ್ಲಿಯೇ ಚಿತ್ರಕಲೆ ಓದುತ್ತಿದ್ದಾಳೆ. ಅವಳು ಗಿರಿಜಕ್ಕನ ಚಿತ್ರವನ್ನು ನೀರಿನ ಬಣ್ಣದಲ್ಲಿ ಬರೆದಳು. ಎಡಗೈಯಲ್ಲಿ ಪಾತ್ರೆ, ಬಲಗೈಯಲ್ಲಿ ಸೌಟು, ತಲೆಯ ಹಿಂದೆ ಇಡ್ಲಿಯ ಹಬೆ. ಅಹಮದಾಬಾದಿನ ಪ್ರದರ್ಶನವೊಂದಕ್ಕೆ ಅದು ಆಯ್ಕೆಯಾಯಿತು. ಅವಳಿಗೆ ಇದೇ ಮೊದಲ ಪ್ರದರ್ಶನ.

"ಕಳಿಸುವ ಮುಂಚೆ ನಾಲ್ಕು ದಿನ ನಮ್ಮ ಗೋಡೆಯಲ್ಲಿರಲಿ ಮಾರಾಯ್ತಿ," ಎಂದು ಗಿರಿಜಕ್ಕ ಕೇಳಿ ಪಡೆದರು.

"ಆಂಟಿ, ಗ್ಲಾಸ್ ಇನ್ನೂ ಹಾಕಿಲ್ಲ. ನೀರು ತಾಗಿದ್ರೆ ಕಲರ್ ಹೋಗತ್ತೆ," ಎಂದು ಹೇಳಿಯೇ ಮೇದಿನಿ ಕೊಟ್ಟಳು.

ಗಲ್ಲಾದ ಮೇಲೆ ಕೃಷ್ಣನ ಪಟದ ಪಕ್ಕ ಒಂದು ಮೊಳೆ ಖಾಲಿಯಿತ್ತು. ಲಕ್ಷ್ಮೀನಾರಾಯಣರು ಚಿತ್ರವನ್ನು ಅಲ್ಲಿ ತೂಗುಹಾಕಿದರು.

ಮರುದಿನ ಬೆಳಿಗ್ಗೆ ಅದರ ಮೇಲೆ ಗುಲಾಬಿಯ ಹಾರವಿತ್ತು. ಮನೆಯವರು ಗಮನಿಸುವ ಮೊದಲೇ ತಿಂಡಿಗೆ ಬಂದ ನೆಂಟರೊಬ್ಬರು ನೋಡಿ, ಸೂರತ್‌ನಲ್ಲಿರುವ ಹರೀಶನಿಗೆ ಸುದ್ದಿ ಮುಟ್ಟಿಸಿದರು. ಹರೀಶ ಗಿರಿಜಕ್ಕನ ತಮ್ಮ. ಅವನ ಫೋನು ಬಂತು.

"ಭಾವ, ಅಕ್ಕ ಹೋದದ್ದು ಯಾವಾಗ? ನಮಗೆ ಒಂದು ಮಾತು ಹೇಳಬಾರದಿತ್ತಾ?"

ಲಕ್ಷ್ಮೀನಾರಾಯಣರು ಫೋನನ್ನು ಹೆಂಡತಿಗೆ ಕೊಟ್ಟರು. "ನೀನೇ ಹೇಳು."

ಗಿರಿಜಕ್ಕ ಮೊದಲು ಸಂಶಯಪಟ್ಟದ್ದು ಅಡುಗೆಯ ಸೀತಾರಾಮನ ಮೇಲೆ. ಹಿಂದಿನ ವಾರವಷ್ಟೇ ಸಾಂಬಾರಿನ ತೆಂಗಿನಕಾಯಿ ವಿಷಯದಲ್ಲಿ ಇಬ್ಬರಿಗೂ ಮಾತು ನಿಂತಿತ್ತು.

"ನಿಮಗೆ ಹಾರ ಹಾಕುವಷ್ಟು ಧೈರ್ಯ ನನಗೆ ಉಂಟಾ ಅಮ್ಮ?" ಎಂದ ಸೀತಾರಾಮ. "ಇದ್ದಿದ್ದರೆ ತೆಂಗಿನಕಾಯಿ ಜಾಸ್ತಿ ಹಾಕ್ತಿದ್ದೆ."

ಹಾರ ತೆಗೆಯುವಾಗ ಗಲ್ಲಾದ ಮೇಲೆ ಒಂದು ಎಲೆಯಲ್ಲಿ ಸುಖಡಿಯ ತುಂಡು ಸಿಕ್ಕಿತು. ಗೋಧಿಹಿಟ್ಟು, ಬೆಲ್ಲ, ತುಪ್ಪದ ಗುಜರಾತಿ ಸಿಹಿ. ಗಿರಿಜಕ್ಕ ಚೂರು ಬಾಯಿಗೆ ಹಾಕಿಕೊಂಡು, "ಹಾಕಿದವರು ನಮ್ಮವರಲ್ಲ, ಗುಜರಾತಿನವರು. ತುಪ್ಪ ಮನೆಯದ್ದು," ಎಂದರು.

"ಚಿತ್ರ ಒಳಗಿಡು," ಎಂದರು ಲಕ್ಷ್ಮೀನಾರಾಯಣರು.

"ಒಳಗಿಟ್ಟರೆ ಯಾರು ಅಂತ ಗೊತ್ತಾಗುವುದು ಹೇಗೆ?"

ಮರುದಿನ ಬಾಗಿಲು ತೆರೆದು, ದೀಪ ಹಚ್ಚಿ, ಗಂಡ ಹಿಟ್ಟು ನೋಡಲು ಒಳಗೆ ಹೋದ ಕೂಡಲೆ ಗಿರಿಜಕ್ಕ ಕೈತೊಳೆಯುವ ಜಾಗದ ಅಡ್ಡಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕುಳಿತರು. ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಒಬ್ಬ ಮನುಷ್ಯ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿ ಎಳೆದು ಹತ್ತಿದ. ಅವನ ಕೈಯಲ್ಲಿ ಚೆಂಡುಹೂವಿನ ಹಾರವಿತ್ತು. ಈಗಷ್ಟೇ ನೀರು ಚಿಮುಕಿಸಿದ ಹಾರ. ಗಿರಿಜಕ್ಕ ಏಳಲು ಹೋದರು. ಮೊಣಕಾಲು ಹಿಡಿದುಕೊಂಡಿತ್ತು. ಅವರು ಗೋಡೆ ಹಿಡಿದು ಎದ್ದು ಬರುವಷ್ಟರಲ್ಲಿ ಹಾರ ಬಿದ್ದಾಗಿತ್ತು.

"ಶ್, ಬೆನ್, ದರ್ಶನ ನಡೀತಿದೆ," ಎಂದ ಅವನು ಗುಜರಾತಿಯಲ್ಲಿ, ಕಣ್ಣು ಮುಚ್ಚಿಕೊಂಡೇ.

"ಯಾವ ದೇವರು ಇದು?"

"ನಿಮ್ಮೂರಿನ ಅನ್ನಪೂರ್ಣಾ ಮಾತಾ. ನಿಮಗೇ ಗೊತ್ತಿಲ್ವಾ?"

ಅವನ ಹೆಸರು ಕಿಶೋರ್. ತಾಯಿ ಜ್ವರದಲ್ಲಿ ಮಲಗಿ, ಅನ್ನ ನೀರು ಬೇಡವೆನ್ನುತ್ತಿದ್ದರಂತೆ. ಚಿತ್ರ ಬಂದ ದಿನ ಅವನು ಇಲ್ಲಿಂದ ಇಡ್ಲಿ ಒಯ್ದಿದ್ದ. ತಾಯಿ ತಿಂದರು, ಇನ್ನೊಂದು ಕೇಳಿದರು. ಗಲ್ಲಾದ ಮೇಲೆ ದೇವರ ಪಕ್ಕದಲ್ಲಿ ಸೌಟು ಹಿಡಿದು ಕುಳಿತವಳು ಇನ್ನಾರಿರಬಹುದು?

"ಅಣ್ಣಾ, ಅದು ನಾನು," ಎಂದರು ಗಿರಿಜಕ್ಕ.

ಕಿಶೋರ್ ಚಿತ್ರ ನೋಡಿದ, ಅವರನ್ನು ನೋಡಿದ. "ಮಾತಾಜಿಯ ಮೂಗು ನೆಟ್ಟಗಿದೆ," ಎಂದ ಸಂಕೋಚದಿಂದ.

ಅಷ್ಟರಲ್ಲಿ ಹಾರದ ನೀರು ಇಳಿದು ಚಿತ್ರದ ಎಡ ಹೆಗಲಿನ ಮೇಲೆ ಹಳದಿ ಕಲೆ ಹರಡಿತ್ತು. ಗಿರಿಜಕ್ಕ ಹಾರ ತೆಗೆದು ಪಕ್ಕದ ಕೃಷ್ಣನಿಗೆ ಹಾಕಿದರು. "ನಿಮ್ಮ ತಾಯಿಯನ್ನು ಏಳಿಸಿದವನು ಇವನು. ನಾನು ಇಡ್ಲಿ ಬೇಯಿಸಿದೆ ಅಷ್ಟೇ." ಹೇಳಿದವರೇ ಮೇದಿನಿಗೆ ಫೋನು ಮಾಡಿದರು. ಆ ಹುಡುಗಿಯ ಮೊದಲ ಪ್ರದರ್ಶನ. ತನ್ನ ಪತ್ತೇದಾರಿಕೆಯಿಂದಲೇ ಕೆಟ್ಟಿತಲ್ಲ ಎಂದು ಆಮೇಲೆ ನಮಗೆ ಹೇಳಿದರು.

ಮೇದಿನಿ ಸ್ಕೂಟಿಯಲ್ಲಿ ಓಡಿ ಬಂದಳು. ಒದ್ದೆ ಹತ್ತಿಯಿಂದ ಒತ್ತಿ ಒತ್ತಿ ತೆಗೆದಳು. ಸ್ವಲ್ಪ ಹೋಯಿತು, ಸ್ವಲ್ಪ ಉಳಿಯಿತು. ಕಿಶೋರ್ ಕೆಲಸಕ್ಕೂ ಹೋಗದೆ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮೇದಿನಿ ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಗಿರಿಜಕ್ಕನ ಹೆಗಲು ನೋಡಿದಳು. ಅಲ್ಲಿ ಸೀರೆಯ ಮೇಲೆ ಅರಿಶಿನದ ಬೆರಳು ಒರೆಸಿದ ಗುರುತುಗಳಿದ್ದವು.

"ಇರ್ಲಿ ಆಂಟಿ. ನಾನು ಸೀರೆನ ತುಂಬಾ ಕ್ಲೀನ್ ಮಾಡ್ಬಿಟ್ಟಿದ್ದೆ. ನೀವು ಯಾವತ್ತು ಅಷ್ಟು ಕ್ಲೀನ್ ಇದ್ರಿ?"

"ನೋಡು ಮಾತು," ಎಂದರು ಗಿರಿಜಕ್ಕ. ಆಗಷ್ಟೇ ಅವರು ಕುರ್ಚಿಯಲ್ಲಿ ಕುಳಿತರು.

ಅದೇ ದಿನ ಗಾಜು ಹಾಕಿಸಿ ಚಿತ್ರವನ್ನು ಅಹಮದಾಬಾದಿಗೆ ಕಳಿಸಿದರು. ಟೆಂಪೋಗೆ ಏರಿಸಲು ಕಿಶೋರನೇ ಕೈ ಜೋಡಿಸಿದ. ಏರಿಸಿದ ಮೇಲೆ ಯಾರಿಗೂ ಕಾಣದಂತೆ ಚೌಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಗಿರಿಜಕ್ಕ ಕಂಡರು. ಅವನ ತಾಯಿಗೆಂದು ಬಿಸಿ ಇಡ್ಲಿ ಕಟ್ಟಿಕೊಟ್ಟು, ಖಾರವಿಲ್ಲದ ಚಟ್ನಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಒಳಗೆ ಹೋದರು.