ಬೇಡವಾದ ದುರ್ಬೀನು

ಕುಂದಾಪುರದ ಕೋವಿ ಅಂಗಡಿಯಲ್ಲಿ ನಾನು ರಿಪೇರಿ ಕೆಲಸಕ್ಕಿದ್ದಾಗ ಅಮಾಸೆಬೈಲಿನ ಮುದುಕರೊಬ್ಬರು ತಮ್ಮ ಪಾಯಿಂಟ್ ಟೂ ಟೂ ರೈಫಲ್ ತಂದರು. ಕಣ್ಣು ಮಂಜಾಗಿದೆ, ದುರ್ಬೀನು ಕೂರಿಸಿಕೊಡಿ ಅಂದರು. ಅಗ್ಗದ ಕೋವಿಯಾದರೂ ಮೇಲ್ಗಡೆ ದುರ್ಬೀನಿಗೆಂದೇ ಗೀರು ಕೊರೆದಿತ್ತು, ತೂತು ಹೊಡೆಯುವ ರಗಳೆಯಿಲ್ಲ. ಗುಂಡು ತುಂಬಲು ಬೋಲ್ಟಿನ ಹಿಡಿ ಎತ್ತಿದರೆ ತಾಗದಂತೆ ಎತ್ತರದ ರಿಂಗು ಹಾಕಿ ದುರ್ಬೀನು ಬಿಗಿದೆ.

"ಇಷ್ಟು ದಿನ ಗುರಿ ಹೇಗೆ ಹಿಡಿಯುತ್ತಿದ್ದಿರಿ?" ಎಂದೆ.

"ಹೆಂಡ್ತಿ ಬದಿಯಗೆ ನಿತ್ಕಂಡ್ ಹೇಳ್ತಿದ್ಲ್. ತೋಟಕ್ಕೆ ಮಂಗ ಬಂದಾಗೆಲ್ಲ, 'ಹೊಡಿಬೇಡಿ, ಹೊಟ್ಟಿಗ್ ಮರಿ ಕಚ್ಕಂಡಿತ್ತ್' ಅಂಬುದೇ. ಒಂದ್ ಗುಂಡೂ ಹಾರಿಸ್ಲಿಲ್ಲೆ. ಹೋದ ತಿಂಗಳ್ ತೀರ್ಕಂಡ್ಲ್."

ಅವರು ಖಾಲಿ ಕೋವಿ ಎತ್ತಿ, ದುರ್ಬೀನಿನೊಳಗಿಂದ ರಸ್ತೆಯಾಚೆಯ ತೆಂಗಿನ ಮರವನ್ನು ತುಂಬ ಹೊತ್ತು ನೋಡಿದರು.

"ಮರಿ ಇತ್ತಾ ಇಲ್ಯಾ ಅಂದೂ ಇದ್ರಗೆ ಗೊತ್ತಾತ್ತಾ?"

"ಚೆನ್ನಾಗಿ ಗೊತ್ತಾಗುತ್ತೆ."

"ಹಾಂಗಾರೆ ಬ್ಯಾಡ ಮಾರಾಯ್ರೆ, ಬಿಚ್ಚಿ. ಅವ್ಳ್ ಹೇಳಿದ್ದ್ ಸುಳ್ಳ್ ಅಂದ್ ಗೊತ್ತಾಪ್ದ್ ನಂಗ್ ಬ್ಯಾಡ."

ಬಿಚ್ಚಿದೆ. ಗೀರಿಗೆ ಎಣ್ಣೆ ಒರೆಸಿ ಕೋವಿ ಕೈಗಿತ್ತೆ. ಮಸುಕಾಗಿ ಕಾಣುತ್ತೆ ಅಂತ ದುರ್ಬೀನು ವಾಪಸು ಕೊಟ್ಟು ಜಗಳ ಮಾಡಿದವರು ಬೇಕಾದಷ್ಟಿದ್ದಾರೆ. ಸ್ಪಷ್ಟವಾಗಿ ಕಾಣುತ್ತೆ ಅಂತ ಕೊಟ್ಟುಹೋದವರು ಅವರೊಬ್ಬರೇ.